ಪ್ಲಾಸ್ಮಾದಲ್ಲಿಟ್ಟರೆ ಇಂಗಾಲ ಸುಟ್ಟುಹೋಗುವುದಿಲ್ಲವೇ?

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಇಂಧನ ಕೋಶದ (ಹೈಡ್ರೋಜನ್‌ನಂಥ ಇಂಧನದಿಂದ ನೇರವಾಗಿ ವಿದ್ಯುತ್ ಕೊಡುವ ಸಾಧನ) ಪ್ಲಾಟಿನಂ ವೇಗವರ್ಧಕ ತಯಾರಿಸುತ್ತಿದ್ದೇನೆ. ಇಂಗಾಲದ ಪುಡಿಗೆ ಪ್ಲಾಟಿನಂ ಕ್ಲೋರೈಡ್ ದ್ರಾವಣ ಹೀರಿಸಿ, ಹೈಡ್ರೋಜನ್ ಹಾಯಿಸುತ್ತ 300 ಡಿಗ್ರಿಗೆ ಕಾಯಿಸಿದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತಿವೆ. ಗೈಡ್ ಪ್ಲಾಸ್ಮಾ ಬಳಸಿ ನೋಡು ಅಂದರು. ಅದು ಸಾವಿರಾರು ಡಿಗ್ರಿ ಬಿಸಿಯಲ್ಲವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಉರಿಯುತ್ತಿರುವ ಟ್ಯೂಬ್‌ಲೈಟ್ ಮುಟ್ಟಿ ನೋಡಿ. ಬೆಚ್ಚಗಿರುತ್ತದೆ, ಅಷ್ಟೇ. ಒಳಗಿರುವುದೂ ಪ್ಲಾಸ್ಮಾವೇ, ಅಂದರೆ ವಿದ್ಯುತ್ ಹಾಯ್ದು ಎಲೆಕ್ಟ್ರಾನ್‌ಗಳು ಬಿಡಿಯಾಗಿ ಓಡಾಡುವ ಅನಿಲ. ಎಲೆಕ್ಟ್ರಾನ್‌ಗಳ ತಾಪ ಹತ್ತು ಸಾವಿರ ಡಿಗ್ರಿ ಮುಟ್ಟಿದ್ದರೂ ಅನಿಲಕ್ಕೆ ಅದು ತಟ್ಟುವುದಿಲ್ಲ. ಆರ್ಗಾನ್ ಪರಮಾಣು ಎಲೆಕ್ಟ್ರಾನಿಗಿಂತ 70 ಸಾವಿರ ಪಟ್ಟಿಗೂ ಹೆಚ್ಚು ಭಾರ. ಬಂಡೆಗೆ ಸಾಸಿವೆ ಎಸೆದ ಹಾಗೆ. ಆದರೆ ಪ್ಲಾಟಿನಂ ಅಯಾನಿಗೆ ಬೇಕಿರುವುದೇ ಎಲೆಕ್ಟ್ರಾನ್. ಸಿಕ್ಕ ಕೂಡಲೇ ಅದು ಲೋಹವಾಗುತ್ತದೆ. ಸುತ್ತ ಕಾವಿಲ್ಲದ ಕಾರಣ ಕಣ ಅತ್ತಿತ್ತ ಸರಿದು ಪಕ್ಕದ ಕಣವನ್ನು ಕೂಡುವುದು ಕಡಿಮೆ.

ಈ ಗಾತ್ರದ್ದೇ ದುಡ್ಡಿನ ಲೆಕ್ಕ. ವೇಗವರ್ಧಕ ಕೆಲಸ ಮಾಡುವುದು ಕಣದ ಮೇಲ್ಮೈಯಲ್ಲಿ ಮಾತ್ರ. 1 ಗ್ರಾಂ ಪ್ಲಾಟಿನಂ 3 ನ್ಯಾನೋಮೀಟರಿನ ಕಣಗಳಾದರೆ ಮೇಲ್ಮೈ ಸುಮಾರು 93 ಚದರ ಮೀಟರ್, ಅಂದರೆ ಸಾವಿರ ಚದರಡಿಯ ಮನೆ. ಕಣ 6 ನ್ಯಾನೋಮೀಟರಿಗೆ ಬೆಳೆದರೆ ಅರ್ಧ ಮನೆ ಹೋಯಿತು.

ಪುಡಿಯನ್ನು ಚೆನ್ನಾಗಿ ಒಣಗಿಸಿ, ಕ್ವಾರ್ಟ್ಸ್ ದೋಣಿಯಲ್ಲಿ (ದೋಣಿಯಾಕಾರದ ಪುಟ್ಟ ತಟ್ಟೆ) ತೆಳ್ಳಗೆ ಹರಡಿ. ಗಾಳಿ ಹೊರಗೆಳೆಯುವ ಪಂಪಿನ ವಾಲ್ವ್ ನಿಧಾನ ತೆರೆಯಿರಿ, ಇಲ್ಲದಿದ್ದರೆ ಅರ್ಧ ಪುಡಿ ಹಾರಿ ಪಂಪಿನ ಎಣ್ಣೆಗೆ ಬೀಳುತ್ತದೆ. ಆರ್ಗಾನ್, 100 ಪ್ಯಾಸ್ಕಲ್ ಆಸುಪಾಸಿನ ಒತ್ತಡ, 10 ನಿಮಿಷ: ಇಲ್ಲಿಂದ ಶುರುಮಾಡಿ. ಪ್ಲಾಸ್ಮಾ ಮೇಲುಪದರಕ್ಕಷ್ಟೇ ತಾಗುತ್ತದೆ. ತೆಗೆದು ಕಲಕಿ ಮತ್ತೆ ಇಡಬೇಕು. ಎರಡು ಮೂರು ಸಲವಾದರೂ. ಬೇಸರದ ಕೆಲಸ, ನಿಜ. ಕೊನೆಗೆ ಉಳಿದ ಕ್ಲೋರೈಡನ್ನು ಬಿಸಿನೀರಲ್ಲಿ ತೊಳೆಯಿರಿ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿದಾಗ ಹಾಲಿನಂತೆ ಬೆಳ್ಳಗಾಗುವುದು ನಿಲ್ಲಬೇಕು.

ಆಕ್ಸಿಜನ್ ಪ್ಲಾಸ್ಮಾದ ಸುದ್ದಿ ಬೇರೆ. ಪ್ಲಾಟಿನಂ ಲವಣ ಹೀರಿಸುವ ಮೊದಲು ಬರೀ ಇಂಗಾಲಕ್ಕೆ ತುಸು ಹೊತ್ತು ತೋರಿಸಿದರೆ, ಅದರ ಮೈಮೇಲೆ ಆಮ್ಲಜನಕದ ಗುಂಪುಗಳು ಮೂಡಿ ಪ್ಲಾಟಿನಂಗೆ ಹಿಡಿತ ಸಿಗುತ್ತದೆ. ಹೆಚ್ಚು ಹೊತ್ತಾದರೆ ನಿಮ್ಮ ಭಯವೇ ನಿಜ: ಇಂಗಾಲ ಅನಿಲವಾಗಿ ಪಂಪಿನ ಪಾಲು.

ಕೇಳದಿದ್ದರೂ ಒಂದು ಮಾತು. ವಿದ್ಯಾರ್ಥಿಯಾಗಿದ್ದಾಗ ಇಂಕ್ (ವಿದ್ಯುದ್ವಾರಕ್ಕೆ ಬಳಿಯುವ ವೇಗವರ್ಧಕದ ದ್ರವ) ಮಾಡಲೆಂದು ಇಂಥ ಒಣಪುಡಿಗೆ ನೇರವಾಗಿ ಐಸೊಪ್ರೊಪೈಲ್ ಆಲ್ಕೋಹಾಲ್ ಸುರಿದಿದ್ದೆ. ಬಾಟಲಿಯ ತಳದಲ್ಲಿ ಬೀಡಿಯ ತುದಿಯಂತೆ ಕೆಂಪು ಕಿಡಿ ಕಂಡಿತು, ಮರುಕ್ಷಣ ಬೆಂಕಿ. ಮೊದಲು ಪುಡಿ ಪೂರ್ತಿ ನೆನೆಯುವಷ್ಟು ನೀರು ಹಾಕಿ, ಆಲ್ಕೋಹಾಲ್ ಆಮೇಲೆ.