ಓದುಗರ ಪ್ರಶ್ನೆ: ಸರ್ವಿಸ್ ಆಗಿ ಬಂದ ವಿಮಾನ ಬೀಳುವುದುಂಟೆ?

ಪ್ರಶ್ನೆ: ಸಣ್ಣ ವಿಮಾನ ಬಿದ್ದಾಗಲೆಲ್ಲ ಪೈಲಟ್‌ನ ತಪ್ಪು ಅಥವಾ ಎಂಜಿನ್ ವೈಫಲ್ಯ ಎಂದು ಓದುತ್ತೇವೆ. ದುರಸ್ತಿ ಮಾಡುವವರ ತಪ್ಪಿನಿಂದಲೂ ಅಪಘಾತವಾಗುವುದುಂಟೆ? ಆಗಷ್ಟೇ ಸರ್ವಿಸ್ ಆದ ವಿಮಾನ ಹೆಚ್ಚು ಸುರಕ್ಷಿತವಲ್ಲವೆ?
– ಓದುಗರೊಬ್ಬರು, ಯಲಹಂಕ

ಉತ್ತರ: ಖಂಡಿತ ಉಂಟು. ಎಂಜಿನ್ ನಿಂತಿತು ಎಂದಷ್ಟೇ ಹೇಳಿದರೆ ಕಾರಣ ಹೇಳಿದಂತಾಗುವುದಿಲ್ಲ. ಇಂಧನದ ಕೊಳವೆಯ ನಟ್ಟನ್ನು ಕೈಯಲ್ಲಿ ತಿರುಗಿಸಿ, ಟಾರ್ಕ್ ರೆಂಚ್‌ನಿಂದ (ನಿಗದಿತ ಅಳತೆಗೆ ಬಿಗಿಮಾಡುವ ಸ್ಪ್ಯಾನರ್) ಬಿಗಿಮಾಡುವುದನ್ನು ಮರೆತಿದ್ದರೂ ಎಂಜಿನ್ ನಿಲ್ಲುತ್ತದೆ. ಇನ್ನು, ಆಗಷ್ಟೇ ಬಿಚ್ಚಿ ಜೋಡಿಸಿದ ವಿಮಾನವನ್ನು ಅನುಭವಿ ಪೈಲಟ್‌ಗಳು ತುಸು ಅನುಮಾನದಿಂದಲೇ ನೋಡುತ್ತಾರೆ, ಏಕೆಂದರೆ ಜೋಡಣೆಯ ತಪ್ಪು ಬಹುಮಟ್ಟಿಗೆ ಬಯಲಾಗುವುದು ಮೊದಲ ಕೆಲವು ಹಾರಾಟಗಳಲ್ಲೇ.

ಅಮೆರಿಕದ ಒಂದು ಪ್ರಕರಣವನ್ನು ನೋಡಿ. ಅದು 19 ಆಸನಗಳ ಬೀಚ್ 1900ಡಿ. ಕಟ್ಟುನಿಟ್ಟಾಗಿ ಹೇಳಿದರೆ ಲಘು ವಿಮಾನವಲ್ಲ, ಆದರೆ ಪಾಠ ಎರಡಕ್ಕೂ ಒಂದೇ. 2003ರ ಆಗಸ್ಟ್ 26ರಂದು, ಎಲಿವೇಟರ್ ಟ್ರಿಮ್‌ನ ಕೇಬಲ್ ಬದಲಾಯಿಸಿದ ನಂತರದ ಮೊದಲ ಹಾರಾಟದಲ್ಲಿ, ಮ್ಯಾಸಚೂಸೆಟ್ಸ್‌ನ ಹಯಾನಿಸ್‌ನಿಂದ ಪ್ರಯಾಣಿಕರಿಲ್ಲದೆ ಮೇಲೇರಿದ ಅದು ಸ್ವಲ್ಪ ಹೊತ್ತಿನಲ್ಲೇ ಸಮುದ್ರಕ್ಕೆ ಬಿದ್ದು, ಇಬ್ಬರು ಪೈಲಟ್‌ಗಳೂ ಸತ್ತರು. ವಿಮಾನದ ಮೂತಿಯನ್ನು ಏರಿಸಿ ಇಳಿಸುವ ಎಲಿವೇಟರ್‌ನ ಒತ್ತಡ ಪೈಲಟ್‌ನ ಕೈಗೆ ಭಾರವಾಗದಂತೆ ಸರಿದೂಗಿಸುವುದು ಟ್ರಿಮ್‌ನ ಕೆಲಸ. ಹೊಸ ಕೇಬಲ್ಲನ್ನು ತಿರುವುಮುರುವಾಗಿ ಜೋಡಿಸಿದ್ದರಿಂದ, ಮೂತಿ ಮೇಲೇರಲೆಂದು ಕಾಕ್‌ಪಿಟ್‌ನಲ್ಲಿರುವ ಟ್ರಿಮ್ ಚಕ್ರವನ್ನು ತಿರುಗಿಸಿದಷ್ಟೂ ಅದು ಕೆಳಕ್ಕೇ ಎಳೆಯುತ್ತಿತ್ತು.

ಇದರಲ್ಲಿ ಮೆಕ್ಯಾನಿಕ್ ಒಬ್ಬನನ್ನೇ ದೂರುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ತಯಾರಕರ ಕೈಪಿಡಿಯಲ್ಲೇ, ಕೇಬಲ್ ಸುತ್ತಿಕೊಳ್ಳುವ ಟ್ರಿಮ್ ಡ್ರಮ್ಮಿನ ಚಿತ್ರ ಹಿಂದುಮುಂದಾಗಿ ಅಚ್ಚಾಗಿತ್ತು. ಹಾಗಿದ್ದೂ, ಕೆಲಸ ಮುಗಿದ ಮೇಲೆ ಒಬ್ಬರು ಚಕ್ರ ತಿರುಗಿಸಿ, ಇನ್ನೊಬ್ಬರು ಬಾಲದ ಬಳಿ ನಿಂತು ಎಲಿವೇಟರ್‌ನ ಅಂಚಿನ ಟ್ರಿಮ್ ಪಟ್ಟಿ ಯಾವ ಕಡೆಗೆ ಸರಿಯುತ್ತದೆಂದು ನೋಡಿದ್ದರೆ ತಪ್ಪು ಹ್ಯಾಂಗರಿನಲ್ಲೇ ಸಿಕ್ಕಿಬೀಳುತ್ತಿತ್ತು. ಹಾರುವ ಮುನ್ನ ಚೆಕ್‌ಲಿಸ್ಟ್ ಪ್ರಕಾರ ಮಾಡಬೇಕಿದ್ದ ಪರೀಕ್ಷೆಯನ್ನು ಪೈಲಟ್‌ಗಳೂ ಪಾಲಿಸಿರಲಿಲ್ಲವೆಂದು ತನಿಖೆ ಹೇಳಿತು.

ಫ್ಲೈಯಿಂಗ್ ಕ್ಲಬ್ಬುಗಳ ಎರಡು-ನಾಲ್ಕು ಆಸನಗಳ ವಿಮಾನಗಳಲ್ಲಿ ತಪ್ಪುಗಳು ಇನ್ನೂ ಚಿಕ್ಕವಾಗಿರುತ್ತವೆ. ನಿಯಂತ್ರಣದ ಸರಳನ್ನು ಹಿಡಿದಿರುವ ಬೋಲ್ಟಿನ ನಟ್ಟಿಗೆ ಕಾಟರ್ ಪಿನ್ (ನಟ್ಟು ತಿರುಗದಂತೆ ತಡೆಯುವ ತಂತಿಯಂಥ ಪಿನ್) ಹಾಕದೆ ಬಿಟ್ಟರೆ ಅಂದು ಏನೂ ಆಗದಿರಬಹುದು. ಎಂಜಿನ್ನಿನ ಅದುರಾಟಕ್ಕೆ ನಟ್ಟು ದಿನದಿನಕ್ಕೆ ಸಡಿಲಗೊಂಡು, ಎಲ್ಲರೂ ಆ ದುರಸ್ತಿಯನ್ನು ಮರೆತ ಮೇಲೆ ಕಳಚಿ ಬೀಳುತ್ತದೆ. ಸಂಜೆ ಪಾಳಿಯವರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಕಾಗದದಲ್ಲಿ ಬರೆಯದೆ ಬರೀ ಬಾಯಲ್ಲಿ ಹೇಳಿಹೋಗುವುದು ಇಂಥ ಮರೆವಿನ ದೊಡ್ಡ ಮೂಲ.

ಆದ್ದರಿಂದಲೇ ನಿಯಂತ್ರಣ ವ್ಯವಸ್ಥೆಯನ್ನು ಮುಟ್ಟಿದರೆ, ಕೆಲಸ ಮಾಡಿದವರಲ್ಲದೆ ಅರ್ಹತೆಯುಳ್ಳ ಇನ್ನೊಬ್ಬರೂ ಪರೀಕ್ಷಿಸಿ ಸಹಿ ಹಾಕುವ ಪದ್ಧತಿ ಇದೆ. ಜಕ್ಕೂರಿನಂಥ ಕಡೆ ಹಾರಾಟ ಕಲಿಯುವವರು ಲಾಗ್‌ಬುಕ್ಕಿನಲ್ಲಿ ಏನನ್ನು ಬಿಚ್ಚಲಾಗಿತ್ತೆಂದು ಓದಿ, ಆ ಭಾಗವನ್ನು ಮೊದಲು ನೋಡಬೇಕು. ನಿಯಂತ್ರಣದ ಕಡ್ಡಿಯನ್ನು ಎಡಕ್ಕೆ ವಾಲಿಸಿದಾಗ ಎಡ ರೆಕ್ಕೆಯ ಏಲೆರಾನ್ (ರೆಕ್ಕೆಯ ಹಿಂಬದಿಯ ಆಡುವ ಪಟ್ಟಿ) ಮೇಲೇಳಬೇಕು, ಬಲದ್ದು ಇಳಿಯಬೇಕು. ಕಡ್ಡಿ ಸಲೀಸಾಗಿ ಆಡಿದ ಮಾತ್ರಕ್ಕೆ ಅದು ಸರಿಯಾದ ದಿಕ್ಕಿಗೆ ಆಡುತ್ತಿದೆ ಎಂದಾಗುವುದಿಲ್ಲ. ದೊಡ್ಡ ದುರಸ್ತಿಯ ನಂತರದ ಮೊದಲ ಹಾರಾಟವನ್ನು ಹಗಲಿನಲ್ಲಿ, ಪ್ರಯಾಣಿಕರಿಲ್ಲದೆ, ರನ್‌ವೇಗೆ ಹತ್ತಿರದಲ್ಲೇ ಮುಗಿಸುವುದು ಒಳ್ಳೆಯದು.