ಕಷ್ಟದ ವರ್ಷದ ಕೃತಜ್ಞತಾ ಪತ್ರ: ಪ್ರತಿಕ್ರಿಯೆ

ಮಳೆಗಾಲದ ಕೊಳೆರೋಗಕ್ಕೆ ಅಡಿಕೆ ಫಸಲು ಹೋಗಿ, ತಂದೆಯವರ ಶಸ್ತ್ರಚಿಕಿತ್ಸೆಯೂ ಆದ ವರ್ಷದ ಬಗ್ಗೆ ದೀಪಾವಳಿಗೆ ಸೇರುವ ಬಂಧುಗಳ ಮುಂದೆ ಓದಲೆಂದು ನೀವು ಬರೆಯುತ್ತಿರುವ ಕೃತಜ್ಞತೆಯ ಪತ್ರವು ದೂರಿನ ಪಟ್ಟಿಯಾಗುತ್ತಿರುವುದಕ್ಕೆ ಕಾರಣ, ಬಹುಶಃ, ಅದನ್ನು ತಿಂಗಳುಗಳ ಕ್ರಮದಲ್ಲಿ ಬರೆಯುತ್ತಿರುವುದು. ಹಾಗೆ ಬರೆದರೆ ಮಳೆಗಾಲವೇ ಪುಟಗಳನ್ನೆಲ್ಲ ನುಂಗಿಬಿಡುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿಯೂ ಹೀಗೆಯೇ ಆಗಿತ್ತು.

ಮೊದಲು ಮನೆಯ ಲೆಕ್ಕದ ಪುಸ್ತಕವನ್ನು ತೆಗೆದು, ಮುಯ್ಯಾಳಾಗಿ (ಕೂಲಿಯ ಬದಲು ಕೆಲಸಕ್ಕೆ ಕೆಲಸ ಎಂಬ ಲೆಕ್ಕದಲ್ಲಿ) ಬಂದವರ ಮತ್ತು ಕೂಲಿಯನ್ನೇ ಪಡೆಯದವರ ಹೆಸರುಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿಕೊಳ್ಳಿ. ನಂತರ ಪ್ರತಿ ಹೆಸರಿನೆದುರು ಅವರು ಮಾಡಿದ ಒಂದೇ ಒಂದು ಕೆಲಸವನ್ನು ಕಣ್ಣಿಗೆ ಕಟ್ಟುವಂತೆ ಬರೆಯಿರಿ. ‘ಬಹಳ ಸಹಾಯ ಮಾಡಿದರು’ ಎಂಬ ಮಾತು ಯಾರಿಗೂ ತಟ್ಟುವುದಿಲ್ಲ. ನಾನು ಬರೆದದ್ದು, 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ಕೂಡಿಸಿಟ್ಟು, ಮಳೆ ಹೊಳವಾಗುವುದನ್ನೇ ಕಾಯುತ್ತ ಮಧ್ಯಾಹ್ನದವರೆಗೂ ನಮ್ಮ ಜಗಲಿಯಲ್ಲಿ ಕುಳಿತಿದ್ದ ಪಕ್ಕದ ಮನೆಯವರ ನೀಲಿಗಟ್ಟಿದ ಅಂಗೈಗಳ ಬಗ್ಗೆ.

ನಷ್ಟವನ್ನು ಮುಚ್ಚಿಡಬೇಡಿ, ಆದರೆ ಹೆಸರುಗಳೆಲ್ಲ ಮುಗಿದ ಮೇಲೆ ಒಂದೇ ಪ್ಯಾರಾದಲ್ಲಿ ಹೇಳಿ. ಕೈಗಡ ಕೊಟ್ಟವರ ಮೊತ್ತವನ್ನು ಮಾತ್ರ ಸಭೆಯಲ್ಲಿ ಓದಬಾರದು, ಕೊಟ್ಟವರಿಗೇ ಮುಜುಗರವಾಗುತ್ತದೆ. ಅದರ ಬದಲು ಈ ಸಲದ ಅಡಿಕೆ ಸುಲಿತಕ್ಕೆ ಯಾರ ಮನೆಗೆ ಎಷ್ಟು ದಿನ ಮುಯ್ಯಿ ತೀರಿಸಲು ಬರುತ್ತೀರೆಂಬುದನ್ನು ಕೊನೆಯಲ್ಲಿ ಸೇರಿಸಿ.

ಓದುವ ಮೊದಲು ಕರಡನ್ನು ತಂದೆಯವರಿಗೆ ತೋರಿಸಿ. ಕಾಯಿಲೆಯ ಪ್ರಸ್ತಾಪವನ್ನು ಅವರು ಒಪ್ಪುತ್ತಾರೋ ಇಲ್ಲವೋ ನಾನು ಹೇಳಲಾರೆ. ನಮ್ಮ ತಂದೆಯವರು ಆ ಎರಡು ಸಾಲುಗಳನ್ನು ಹೊಡೆದುಹಾಕಿಸಿದ್ದರು.