ಹಳೆ ಮನೆ ಮಾರೋ ಮುಂಚೆ ಹೊಸದು: ಬ್ರಿಡ್ಜ್ ಲೋನ್ ಖರ್ಚು

ಹಳೆ ಮನೆ ಮಾರಿದ ದುಡ್ಡು ಬರೋವರೆಗೆ ಹೊಸ ಮನೆ ಕೊಳ್ಳೋಕೆ ತಗೊಳ್ಳೋ ಅಲ್ಪಾವಧಿ ಸಾಲವೇ ಬ್ರಿಡ್ಜ್ ಲೋನ್. ಅದರ ಬಡ್ಡಿ ತಿಂಗಳಿಗೆ 1% ಅಂದರೆ ಆರು ತಿಂಗಳಿಗೆ 6% ತಾನೇ ಅಂತ ಕೇಳಿದ್ದೀರಿ. ಅಷ್ಟಕ್ಕೇ ಮುಗಿಯಲ್ಲ. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ 100ಕ್ಕೆ 106.15 ಆಗುತ್ತೆ. 2% ಪ್ರೊಸೆಸಿಂಗ್ ಫೀ ಮೊದಲೇ ಮುರಿದುಕೊಂಡರೆ ಕೈಗೆ ಬರೋದು 98 ಮಾತ್ರ. ಅಲ್ಲಿಗೆ ಖರ್ಚು 8.15. ಮೇಲೆ ಮೌಲ್ಯಮಾಪನ, ವಕೀಲರ ಫೀ (ಎಷ್ಟೋ ಸಲ ಸಾಲ ಕೊಡುವವರ ವಕೀಲರದ್ದೂ ನಿಮ್ಮ ತಲೆಗೇ). ಹಳೆ ಗೃಹಸಾಲದ ಕಂತೂ ನಿಲ್ಲಲ್ಲ.

ಜನ ಸಿಕ್ಕಿಬೀಳೋದು ಅವಧಿಯಲ್ಲಿ. ನಿಮ್ಮ ಹಳೆ ಮನೆ ಕೊಳ್ಳುವವರಿಗೆ ಸಾಲ ಮಂಜೂರಾಗದೆ ವ್ಯವಹಾರ ಮುರಿದು, ಗಡುವು ದಾಟಿದರೆ ಹೆಚ್ಚಿನ ದರದ ಜೊತೆಗೆ ವಿಸ್ತರಣೆ ಶುಲ್ಕವೂ ಬೀಳಬಹುದು. ಒಂಬತ್ತು ತಿಂಗಳಿಗೇ ಲೆಕ್ಕ ಹಾಕಿ. ಮನೆ 10% ಕಡಿಮೆಗೆ ಹೋದರೂ ಸಾಲ ತೀರುತ್ತಾ ನೋಡಿ. ಬೇಗ ತೀರಿಸಿದರೂ ಕನಿಷ್ಠ ಎಷ್ಟು ತಿಂಗಳ ಬಡ್ಡಿ ಹಿಡಿಯುತ್ತಾರೆ ಅನ್ನೋದನ್ನ ಬರವಣಿಗೆಯಲ್ಲೇ ತಗೊಳ್ಳಿ.